ಹಾಲ್ವಾರನ ಐವತ್ತಕ್ಕೆ ಬಂದ ಪುಡಿ

ನಮ್ಮೂರಿನವರಿಗೆ ತಲೆನೋವಿಲ್ಲದಿದ್ದರೂ ತಲೆನೋವಿನ ಪುಡಿ ಬೇಕು ಅಂತ ಪಕ್ಕದೂರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಊರಿಗೆ ಊರೇ ಜ್ವರದಲ್ಲಿ ಮಲಗಿದಾಗ ಹಳೇ ಡಾಕ್ಟರು ಫೆನಾಸಿಟಿನ್ ಅನ್ನೋ ಔಷಧ ಬೆರೆಸಿ ಈ ಪುಡಿ ಕೊಟ್ಟಿದ್ದರು. ಜ್ವರ ಹೋಯಿತು, ಪುಡಿ ಉಳಿಯಿತು. ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಬೆಳಗಿನ ಕಾಫಿಗೊಂದು, ಊಟದ ಮೇಲೊಂದು ಪೊಟ್ಟಣ ಬಾಯಿಗೆ ಬೀಳದಿದ್ದರೆ ನಮಗೆ ಕೈಯೇ ಓಡುವುದಿಲ್ಲ. ಹುಟ್ಟುಹಬ್ಬಕ್ಕೂ ಹೂವಿನ ಜೊತೆ ರಿಬ್ಬನ್ ಕಟ್ಟಿದ ಪುಡಿಯ ಡಬ್ಬಿಯನ್ನೇ ಒಯ್ಯುತ್ತೇವೆ.

ಪಕ್ಕದ ಮನೆಯ ಹಾಲ್ವಾರನಿಗೆ ಐವತ್ತು ತುಂಬಿತು. ನಮ್ಮ ಸ್ವೀಡನ್ನಿನಲ್ಲಿ ಐವತ್ತಕ್ಕೆ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಬರುವವರ ಕೈಯಲ್ಲಿ ಡಬ್ಬಿ ಇದ್ದೇ ಇರುತ್ತದೆ, ಅದೇ ಈ ಸಲ ಭಯ. ಪುಡಿ ಅವನ ಮೂತ್ರಪಿಂಡಗಳನ್ನು ತಿಂದುಹಾಕಿದೆ, ಈಗಲೇ ಬಿಟ್ಟರೆ ಬದುಕಿಯಾನು, ಇಲ್ಲದಿದ್ದರೆ ಇಲ್ಲ ಅಂತ ಹೊಸ ಡಾಕ್ಟರು ಹಿಂದಿನ ವಾರವಷ್ಟೇ ಹೇಳಿದ್ದರು.

ಅವನ ಹೆಂಡತಿ ಆಸ್ತಾ ಬೆಳಿಗ್ಗೆಯೇ ನನ್ನನ್ನು ಎಳೆದುಕೊಂಡು ಹೋದಳು. "ನೀನು ಬಾಗಿಲಲ್ಲಿ ನಿಲ್ಲು. ಡಬ್ಬಿ ಕಂಡ್ರೆ ಕಿತ್ಕೋ."

"ಉಡುಗೊರೆ ಕಿತ್ಕೊಳ್ಳೋದಾ? ಜನ ಮುಖಕ್ಕೆ ಉಗೀತಾರೆ ಕಣೆ!"

"ಉಗೀಲಿ. ಒರೆಸ್ಕೋ."

ನನ್ನ ಚೀಲದಲ್ಲೂ ಒಂದು ಡಬ್ಬಿ ಇತ್ತು. ಮೊದಲು ಅದನ್ನೇ ಒಪ್ಪಿಸಿದೆ.

ಬಂದವರೆಲ್ಲ ಮುಖ ಊದಿಸಿಕೊಂಡೇ ಡಬ್ಬಿ ಕೊಟ್ಟರು. ನಮ್ಮ ಕಾರ್ಖಾನೆಯ ಮೇಸ್ತ್ರಿ ಆಲ್ಗೋಟ್ ಮಾತ್ರ ಜಗಳಕ್ಕೇ ನಿಂತ. "ನಮ್ಮಪ್ಪ ದಿನಾ ಹಿಡಿಗಟ್ಟಲೆ ತಗೋತಿದ್ದ. ಏನಾಯ್ತು ಅವನಿಗೆ?"

"ಐವತ್ತೆಂಟಕ್ಕೇ ಹೋದ," ಅಂದೆ.

"ಅದು ಬೇರೆ ವಿಷಯ!" ಅಂತ ಡಬ್ಬಿ ಬಿಸಾಕಿ ಒಳಗೆ ನುಗ್ಗಿದ.

ಒಳಗೆ ಹಾಲ್ವಾರ್ ಬೆವರುತ್ತ ಕೂತಿದ್ದ. ಪುಡಿ ಬಿಟ್ಟಾಗಿನಿಂದ ತಲೆ ಸಿಡಿಯುತ್ತಿತ್ತು, ಕೈಯಲ್ಲಿನ ಕಾಫಿ ಕಪ್ಪು ಅದರ ಕೆಳಗಿನ ತಟ್ಟೆಗೆ ತಾಗಿ ಕಟಕಟ ಅನ್ನುತ್ತಿತ್ತು. ಆಲ್ಗೋಟ್ ಬಗ್ಗಿ ಶುಭಾಶಯ ಹೇಳುತ್ತಲೇ ತಟ್ಟೆಯ ಕೆಳಗೆ ಒಂದು ಪೊಟ್ಟಣ ತೂರಿಸಿದ. ಹಾಲ್ವಾರನ ಬೆರಳು ಅದರ ಮೇಲೆ ಬೀಳುವಷ್ಟರಲ್ಲಿ ಆಸ್ತಾ ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಮನೆ ತುಂಬ ಜನ ನೋಡುತ್ತಿದ್ದರು.

"ಒಂದೇ ಒಂದು, ಆಸ್ತಾ. ಇವತ್ತು ನನ್ನ ಹುಟ್ಟಿದ ದಿನ."

"ಇಲ್ಲ."

"ಎಲ್ಲರ ಮುಂದೆ ನನ್ನ ಮಾನ ಕಳೀತಿದ್ದೀಯ."

"ಮಾನ ಹೋದ್ರೆ ಹೋಗ್ಲಿ. ನೀನಿರು."

ಜನ ಕೇಕನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಸ್ತಾಳೂ ನಾನೂ ಅಡುಗೆಮನೆಯಲ್ಲಿ ಕಪ್ಪು ತೊಳೆಯುತ್ತಿದ್ದಾಗ ಹಾಲ್ವಾರ್ ಬಂದು ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣು ಮೂಲೆಯಲ್ಲಿದ್ದ ಡಬ್ಬಿಗಳ ರಾಶಿಯ ಮೇಲಿತ್ತು.

"ಆಚೆ ಸರಿ," ಅಂದ.

ಆಸ್ತಾ ರಾಶಿಗೆ ಬೆನ್ನು ಕೊಟ್ಟು ನಿಂತಳು. ಅವಳನ್ನು ಹೊಡೆದೇ ಬಿಡುತ್ತಾನೆ ಅಂದುಕೊಂಡೆ.

"ಕೊಡಲ್ಲ," ಅಂದಳು. "ಕೊಂದು ಹಾಕಿದ್ರೂ ಕೊಡಲ್ಲ. ಬೆಳಿಗ್ಗೆಯಿಂದ ನಿನ್ನ ಕಾವಲು ಕಾದೂ ಕಾದೂ ನನ್ನ ತಲೇನೂ ಒಡೀತಿದೆ." ಹಣೆ ಒತ್ತಿಕೊಂಡಳು. ಜೇಬಿಗೆ ಕೈ ಹಾಕಿದಳು. ಪೊಟ್ಟಣ ಬಿಚ್ಚಿ, ಕಾಗದ ಮಡಿಸಿ, ನಾಲಿಗೆಗೆ ಸುರಿದುಕೊಂಡು ತಣ್ಣಗಾದ ಕಾಫಿ ಕುಡಿದಳು. ನಾವೆಲ್ಲ ಮಾಡುವ ಹಾಗೇ ಮಾಡಿದಳು. ಅದಕ್ಕೇ ನನಗೂ ಏನೂ ಅನ್ನಿಸಲಿಲ್ಲ.

"ಆಸ್ತಾ," ಅಂದ ಹಾಲ್ವಾರ್. ಧ್ವನಿಯೇ ಬೇರೆಯಾಗಿತ್ತು. "ಏನು ತಗೊಂಡೆ ಈಗ?"

ಅವಳು ಕೈಯಲ್ಲಿದ್ದ ಖಾಲಿ ಕಾಗದ ನೋಡಿದಳು.

ಹಾಲ್ವಾರ್ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಲೆಯ ಬಾಗಿಲು ತೆಗೆದ. ಡಬ್ಬಿಗಳನ್ನು ರಿಬ್ಬನ್ ಸಮೇತ ಬೆಂಕಿಗೆ ಹಾಕತೊಡಗಿದ. ಅರ್ಧ ನೆಲಕ್ಕೇ ಬಿದ್ದವು.

"ನಾಳೆ ಡಾಕ್ಟರ ಹತ್ರ ಇಬ್ರೂ ಹೋಗೋಣ."

"ನನಗೇನಾಗಿದೆ?"

"ನಾನೂ ಹಿಂಗೇ ಅಂತಿದ್ದೆ."

ಬಿದ್ದ ಡಬ್ಬಿಗಳನ್ನು ಆಯ್ದು ಕೊಡಲು ನಾನೂ ಬಗ್ಗಿದೆ. ನಾನು ತಂದ ಡಬ್ಬಿಯೂ ಅದರಲ್ಲಿತ್ತು. ಅದನ್ನು ಬಿಡಲು ನನ್ನ ಬೆರಳುಗಳಿಗೆ ಮನಸ್ಸಾಗಲಿಲ್ಲ, ಹಾಲ್ವಾರನೇ ಬಿಡಿಸಬೇಕಾಯಿತು.

"ಮೂರು ಜನ ಹೋಗೋಣ," ಅಂದೆ.