ಉಣ್ಣದವನ ತಟ್ಟೆ

ಚೀನರ ಪಂಚಾಂಗದ ಏಳನೆಯ ತಿಂಗಳು ಬಂತೆಂದರೆ ಸತ್ತವರಿಗೆ ಬಾಗಿಲು ತೆರೆಯುತ್ತದೆ; ಹಸಿದುಕೊಂಡು ಮನೆಗೆ ಬರುತ್ತಾರೆ. ಗೇಕ್ ಸಿಮ್‌ಳ ಗಂಡ ತೊಂಗ್ ಹಾಕ್ ಮಾತ್ರ ಬರಲಿಲ್ಲ. ಮನೆಯಲ್ಲಿ ಹಿರಿಯರ ಹೆಸರು ಬರೆದ ಹಲಗೆಯ ಮುಂದೆ ತಟ್ಟೆಯಿಟ್ಟು, ಊದುಬತ್ತಿ ಉರಿದು ಮುಗಿದ ಮೇಲೆ ಎರಡು ನಾಣ್ಯ ಚಿಮ್ಮಿ "ಉಂಡ್ಯಾ ಮುದುಕಾ?" ಎಂದು ಕೇಳಿದ್ದಳು. ಒಂದು ಮುಖ, ಒಂದು ಬೆನ್ನು ಬಿದ್ದರೆ ಉಂಡನೆಂದು ಅರ್ಥ. ಎಷ್ಟು ಚಿಮ್ಮಿದರೂ ಎರಡೂ ಮುಖವೇ, ಇಲ್ಲವೇ ಎರಡೂ ಬೆನ್ನೇ. ಉಣ್ಣದವನ ತಟ್ಟೆ ಎತ್ತುವಂತಿಲ್ಲ. ಅದು ಅಲ್ಲೇ ಹಳಸುತ್ತಿತ್ತು.

ಅವಳಿಗೆ ಆಶ್ಚರ್ಯವೇನಿಲ್ಲ. ಅವಳ ಈಗಿನ ಮನೆಯಿರುವ, ಊರಾಚೆಯ ಆ ಕಾಂಕ್ರೀಟು ಡಬ್ಬಿಯ ಹದಿನೆಂಟನೆಯ ಮಹಡಿಯಲ್ಲಿ, ಲಿಫ್ಟಿನ ಗುಂಡಿ ಒತ್ತುವುದನ್ನೂ ಕಲಿಯದೆ ಸತ್ತವನು ಅಲ್ಲಿಗೇಕೆ ಬಂದಾನು? ಬಂದರೆ ಜಾರ್ಜ್‌ಟೌನಿನ ಚೀನರ ಕೇರಿಗೆ, ಇಬ್ಬರೂ ಒಂದು ಆಯುಷ್ಯವೆಲ್ಲ ಇದ್ದಲ ಒಲೆಗೆ ಮುಖವೊಡ್ಡಿ ಶ್ಯಾವಿಗೆ ಹುರಿದು ಮಾರುತ್ತ ನಿಂತಿದ್ದ ಜಗಲಿಗೆ. ಕೇರಿಗೆ ಪರಂಪರೆಯ ತಾಣವೆಂಬ ಬಿರುದು ಬಂತು. ಬಿರುದಿನ ಹಿಂದೆ ಬಾಡಿಗೆ ಏರಿತು. ಪರಂಪರೆಯನ್ನು ಬೇಯಿಸಿ ಬಡಿಸುತ್ತಿದ್ದವರನ್ನು ಎಬ್ಬಿಸಿ, ಜಗಲಿಯ ಮೇಲೆ ಹೋಟೆಲು ಕುಳಿತಿತು.

ಆ ಸಂಜೆ ಅವಳು ಅಗಲ ಅಕ್ಕಿ ಶ್ಯಾವಿಗೆಯನ್ನು ಹಂದಿ ಕೊಬ್ಬಿನಲ್ಲಿ ಹುರಿದು, ಮೊಳಕೆಕಾಳು ಬೆರೆಸಿ, ಬಾತುಮೊಟ್ಟೆ ಒಡೆದು ಹಾಕಿ, ಮೇಲೆ ಚಿಪ್ಪಿನಿಂದ ಬಿಡಿಸಿದ ಮರುವಾಯಿ ಮಾಂಸ ಹರಡಿ, ಬುತ್ತಿ ಕಟ್ಟಿಕೊಂಡು ಬಸ್ಸಿಳಿದಳು. ಕೇರಿಯಲ್ಲಿ ಅಳಿದುಳಿದ ತಳ್ಳುಗಾಡಿಗಳ ನಡುವೆ ನಡೆದಳು.

"ಏನಕ್ಕಾ, ಮುದುಕನಿಗೆ ಬುತ್ತಿನಾ? ನನ್ ಹತ್ರಾನೇ ತಗೊಂಡಿದ್ರೆ ಆಗ್ತಿತ್ತಲ್ಲ!" ಕಡಲಸಿಂಪಿಯ ಆಮ್ಲೆಟ್ಟು ಮಾರುವವನು ಕೂಗಿದ.

"ನಿನ್ ಕೈಯಡುಗೆ ತಿಂದ್ರೆ ಸತ್ತೋನು ಇನ್ನೊಂದ್ಸಲ ಸಾಯ್ತಾನೆ, ಹೋಗೋ."

ಹೋಟೆಲಿನ ಮುಂದೆ ಕಾವಲುಗಾರ ಅಡ್ಡ ನಿಂತ. "ಇಲ್ಲಿ ಇಡಂಗಿಲ್ಲ ಅಜ್ಜಿ. ಗಿರಾಕಿಗಳು ಹೆದರ್ತಾರೆ."

ಅಷ್ಟರಲ್ಲಿ ಬಣ್ಣದ ಕೊಡೆ ಎತ್ತಿ ಹಿಡಿದು, ಬೀದಿ ತಿಂಡಿ ತಿನ್ನುತ್ತ ನಡೆಯಲು ಬಂದ ಪರದೇಶದವರನ್ನು ಹಿಂದಿಟ್ಟುಕೊಂಡು ಕೆಂಗ್ ವೂಯ್ ಬಂದ. ಶಾಲೆ ಬಿಟ್ಟೊಡನೆ ಅವಳ ಒಲೆಯ ಬಳಿ ಕುಕ್ಕರಿಸಿ ತಿಂದು ಬೆಳೆದವನು, ಈಗ ಪ್ರವಾಸಿಗರಿಗೆ ಕೇರಿ ತೋರಿಸುವವನು.

"ನಮ್ಮ ದೊಡ್ಡಮ್ಮ ಕಣಯ್ಯ, ಬಿಡು. ನಮ್ ಜನ ಇದನ್ನೇ ನೋಡಕ್ಕೆ ಬಂದಿರೋದು."

ಸತ್ತು ಹಸಿದವನಿಗೆ ಸಿಗದ ಜಾಗ, ನೋಡುವವರಿಗಾಗಿ ಸಿಕ್ಕಿತು. ಅವಳು ನೆಲದ ಮೇಲೆ ತಟ್ಟೆಯಿಟ್ಟು ಊದುಬತ್ತಿ ಹಚ್ಚಿದಳು. ಮೊಬೈಲುಗಳು ಮೇಲೆದ್ದವು.

"ಬತ್ತಿ ಮುಗಿಯೋಗಂಟ ಯಾರೂ ಮುಟ್ಟಬಾರ್ದು ಅಂತ ಹೇಳಪ್ಪ."

"ಹೇಳ್ತೀನಿ, ಹೇಳ್ತೀನಿ. ಇನ್ನೂ ಎಷ್ಟೊತ್ತು ದೊಡ್ಡಮ್ಮ? ಇವ್ರಿಗೆ ಮುಂದೆ ಇನ್ನೂ ಅಂಗಡಿ ಇದಾವೆ."

ಅವನು ಹೇಳಲಿಲ್ಲ. ಬತ್ತಿ ಅರ್ಧ ಉರಿದಿತ್ತು. ಕೆಂಪು ಕೆನ್ನೆಯವನೊಬ್ಬ ಬಗ್ಗಿ, ಎರಡು ಬೆರಳಲ್ಲಿ ಮರುವಾಯಿಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಹೆಬ್ಬೆರಳು ತೋರಿಸಿದ. ಇದೂ ನಡಿಗೆಯ ತಿಂಡಿಯೇ ಅಂದುಕೊಂಡು ಉಳಿದವರೂ ಬಗ್ಗಿದರು. ಗೇಕ್ ಸಿಮ್ ಚಾಚಿದ ಕೈ ಹಾಗೇ ನಿಂತಿತು. ಕೆಂಗ್ ವೂಯ್ ಅವಳ ಮುಖ ನೋಡಿ, ಕಣ್ಣು ತಪ್ಪಿಸಿದ.

"ಹೋಗ್ಲಿ ಬಿಡು ದೊಡ್ಡಮ್ಮ. ದೊಡ್ಡಪ್ಪ ಯಾವತ್ತಾದ್ರೂ ಬಂದ ಗಿರಾಕೀನ ಹಸಿದ ಹೊಟ್ಟೇಲಿ ಕಳ್ಸಿದ್ನಾ?"

ತಟ್ಟೆಯಲ್ಲಿ ನಾಲ್ಕು ಮೊಳಕೆಕಾಳು ಉಳಿದಿದ್ದವು. ಬತ್ತಿ ಮುಗಿಯಿತು. ಅವಳು ನಾಣ್ಯ ಚಿಮ್ಮಿದಳು. "ಉಂಡ್ಯಾ?"

ಎರಡೂ ಬೆನ್ನು.

ಮತ್ತೆ ಚಿಮ್ಮಿದಳು. ಎರಡೂ ಮುಖ. ಸುತ್ತ ನಿಂತವರು ಪಂದ್ಯ ನೋಡುವವರಂತೆ ಲೊಚಗುಟ್ಟಿದರು. ಮತ್ತೊಮ್ಮೆ ಎರಡೂ ಮುಖ. ಕೆಂಗ್ ವೂಯ್ ಗಡಿಯಾರ ನೋಡಿಕೊಂಡ. ಬೂಟಿನ ತುದಿ ಚಾಚಿ ಒಂದು ನಾಣ್ಯವನ್ನು ಮಗುಚಿ ಹಾಕಿದ.

"ನೋಡಿ, ಉಂಡ!"

ಜನ ಚಪ್ಪಾಳೆ ತಟ್ಟಿದರು. ಕೊಡೆ ಮುಂದೆ ಸಾಗಿತು, ಅದರ ಹಿಂದೆ ಅವರೂ.

"ಎತ್ತು ಅಜ್ಜಿ ಇನ್ನ," ಎಂದ ಕಾವಲುಗಾರ. "ಅವ್ನು ಉಂಡಾಯ್ತಲ್ಲ."

ಗೇಕ್ ಸಿಮ್ ನಾಣ್ಯಗಳನ್ನು ಅಲ್ಲೇ ಬಿಟ್ಟಳು. ಉಣ್ಣದವನ ತಟ್ಟೆಯನ್ನು ಎತ್ತಿಕೊಂಡಳು.