ಮೂರನೇ ಎಣಿಕೆ

ಬಟವಾಡಿಯ ಔಷಧಿ ಅಂಗಡಿಯ ಮಹಡಿಯಲ್ಲಿ ಗಂಡು ಹೆಣ್ಣು ಕೈ ಕೈ ಹಿಡಿದು, ಒಂದು-ಎರಡು-ಮೂರು ಎಂದು ಎಣಿಸುತ್ತ ವಾಲ್ಟ್ಸ್ ಕುಣಿಯುತ್ತಾರೆಂದರೆ ಗುಬ್ಬಿಯಲ್ಲಿ ನಂಬುವವರಿಲ್ಲ. ಆ ಊರಿನ ಚನ್ನೇಶನ ಅವ್ವ ಕಲ್ಲಮ್ಮ ಅದನ್ನು ಕಂಪ್ಯೂಟರ್ ಕ್ಲಾಸೆಂದೇ ತಿಳಿದಿದ್ದಳು. ಅವನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ. ಎರಡು ವರ್ಷದಿಂದ ಆಫೀಸು ಮುಗಿಸಿ ಅವನು ಅಲ್ಲಿಗೆ ಓಡಿಬರುತ್ತಿದ್ದುದು ಕುಣಿತದ ಜೋಡಿ ಭೂಮಿಕಾಳಿಗಾಗಿ. ಅದು ಅವಳೊಬ್ಬಳನ್ನು ಬಿಟ್ಟು ಕ್ಲಾಸಿನ ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಕುಣಿಗಲ್ಲಿನಿಂದ ಸಂತೋಷ್ ಬಂದ. ಅವನಿಗೆ ಜೋಡಿ ಇರಲಿಲ್ಲ. ತೋಳೆತ್ತಿ ಒಬ್ಬನೇ ಕುಣಿಯುತ್ತಿದ್ದ. ನೋಡುತ್ತ ನಿಂತರೆ ಆ ತೋಳಿನೊಳಗೆ ಯಾರೋ ಇದ್ದಾರೆ ಅನ್ನಿಸಿಬಿಡುತ್ತಿತ್ತು. ಯಾರ ಕುಣಿತವನ್ನಾದರೂ ಒಮ್ಮೆ ನೋಡಿದರೆ ಸಾಕು, ಅದು ಅವನ ಮೈಗೆ ಇಳಿಯುತ್ತಿತ್ತು. "ಅನಿಮೆ ಕಾರ್ಟೂನಲ್ಲಿ ಹೀರೋಗೆ ಎದುರಾಳಿ ಬರ್ತಾನಲ್ಲ, ಥೇಟ್ ಅವನೇ ಕಣೇ!" ಎಂದು ಹುಡುಗಿಯರು ಪಿಸುಗುಟ್ಟಿದಾಗಲೆಲ್ಲ ಚನ್ನೇಶನಿಗೆ ಮೈಯೆಲ್ಲ ಉರಿಯುತ್ತಿತ್ತು.

ಚನ್ನೇಶನಿಗೊಂದು ದೋಷವಿತ್ತು. ತೆಂಗಿನಕಾಯಿ ಮೂಟೆ ಹೇರಿದ್ದ ಮೊಪೆಡ್ಡಿನಿಂದ ಎಂದೋ ಬಿದ್ದಿದ್ದ. ಅಂದಿನಿಂದ ಮೂರನೇ ಎಣಿಕೆಗೆ ಅವನ ಬಲ ಹಿಮ್ಮಡಿ ಕೊಂಚ ತಡವಾಗಿ ನೆಲ ಮುಟ್ಟುತ್ತಿತ್ತು. ಕುಣಿತ ಕಲಿಸುವ ರಂಗನಾಥ್ ಮೇಷ್ಟ್ರು ಬೈದರೆ, "ಹೋಗ್ಲಿ ಬುಡಿ ಸಾರ್, ನಾನು ಹೊಂದ್ಕೊಂಡಿದೀನಿ" ಎಂದು ಭೂಮಿಕಾ ನಗುತ್ತಿದ್ದಳು.

ಕುಣಿತದ ಸ್ಪರ್ಧೆಗೆ ಮುಂಚೆ ಮೇಷ್ಟ್ರು ಒಂದು ಪರೀಕ್ಷೆ ಇಡುತ್ತಿದ್ದರು. ಹುಡುಗಿಯ ಕಣ್ಣಿಗೆ ಬಟ್ಟೆ ಕಟ್ಟುವುದು, ಗಂಡಸರು ಒಬ್ಬೊಬ್ಬರಾಗಿ ಬಾಯಿ ಬಿಡದೆ ಬಂದು ಕುಣಿಸುವುದು. ಅವಳು ಯಾರನ್ನು ತನ್ನ ಜೋಡಿ ಎನ್ನುತ್ತಾಳೋ ಅವನೇ ಅವಳ ಜೊತೆ ಸ್ಪರ್ಧೆಗೆ ಹೋಗಬೇಕು. ಸಂತೋಷನೂ ನಿಲ್ಲುತ್ತಾನೆಂದು ತಿಳಿದು ಚನ್ನೇಶ ಹಟಕ್ಕೆ ಬಿದ್ದ. ಮನೆಯ ತಾರಸಿಯಲ್ಲಿ, ಒಣಗಲು ಹಾಕಿದ್ದ ಕೊಬ್ಬರಿಯ ನಡುವೆ, ಭೂಮಿಕಾಳಿಗೂ ಹೇಳದೆ ಒಂದು ತಿಂಗಳು ಬೆವರು ಸುರಿಸಿ ಹಿಮ್ಮಡಿಯನ್ನು ಸರಿಮಾಡಿಕೊಂಡ. ಅಷ್ಟು ದಿನವೂ ಕ್ಲಾಸಿನಲ್ಲಿ ಸಂತೋಷ್ ಅವನ ಪಾದಗಳನ್ನೇ ನೋಡುತ್ತಿದ್ದ.

ಒಂದು ಸಂಜೆ ಸಂತೋಷ್ ಮುಂದೆ ಮುಂದೆ ಮೆಟ್ಟಿಲಿಳಿಯುತ್ತಿದ್ದ. ಪ್ರತಿ ಮೆಟ್ಟಿಲಿಗೂ ಅವನ ಬಲ ಹಿಮ್ಮಡಿ ಕೊಂಚ ತಡವಾಗಿ ಇಳಿಯುತ್ತಿತ್ತು.

"ಏನ್ಲಾ, ಆಡ್ಕೊಳ್ತಿದೀಯಾ?" ಎಂದ ಚನ್ನೇಶ.

ಸಂತೋಷ್ ತಿರುಗಿದ. ಮುಖದಲ್ಲಿ ನಗುವಿರಲಿಲ್ಲ. "ನಿಮಗೆ ಬೇಡ್ವಲ್ಲ ಸಾರ್, ಅದಕ್ಕೇ ತಗೊಂಡೆ."

ಚನ್ನೇಶ ಉಳಿದ ಮೆಟ್ಟಿಲುಗಳನ್ನು ಸರಸರನೆ ಇಳಿದು ಅವನನ್ನು ದಾಟಿ ಹೋದ. ಎರಡು ವರ್ಷ ಹಿಡಿದ ಕೈ, ಭೂಮಿಕಾ ಗುರುತಿಸದೆ ಇರುತ್ತಾಳೆಯೇ ಎಂದು ಧೈರ್ಯ ಹೇಳಿಕೊಂಡ.

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಮೊದಲು ಚನ್ನೇಶನೇ ಕುಣಿಸಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಭೂಮಿಕಾಳ ಬೆನ್ನು ಮಾತ್ರ ಕೊನೆಯವರೆಗೂ ಬಿಗಿದೇ ಇತ್ತು. "ಇವರು ಯಾರೋ ಗೊತ್ತಾಗ್ಲಿಲ್ಲ ಸಾರ್. ಚೆನ್ನಾಗಿ ಕುಣೀತಾರೆ," ಎಂದಳು.

ಆಮೇಲೆ ಸಂತೋಷ್ ಬಂದ. ಮೂರನೇ ಎಣಿಕೆಗೆ ಹಿಮ್ಮಡಿ ತಡವಾಯಿತು. ಅವಳ ಭುಜ ಸಡಿಲವಾಯಿತು, ತುಟಿಯಲ್ಲಿ ನಗು ಬಂತು. "ಬಂದ್ಯಾ ಚನ್ನೇಶ? ಎಲ್ಲೋಗಿದ್ದೆ ಇಷ್ಟೊತ್ತು?"

ಮೇಷ್ಟ್ರೇ ಬಂದು ಬಟ್ಟೆ ಬಿಚ್ಚಿದರು. ಸಂತೋಷನ ಮುಖ ಕಂಡು ಅವಳು ಬೆಚ್ಚಿ ಹಿಂದೆ ಸರಿದಳು.

"ನಾನಿಲ್ಲಿದೀನಿ ಭೂಮಿ," ಎಂದ ಚನ್ನೇಶ.

ಅವಳು ಓಡಿಬಂದು ಅವನ ಕೈ ಹಿಡಿದಳು. ಕಣ್ಣು ತೆರೆದುಕೊಂಡೇ ಒಂದು ಸುತ್ತು ಕುಣಿದು, ನಡುವೆ ನಿಂತುಬಿಟ್ಟಳು. "ಮುಖ ನಿಂದೇ ಕಣೋ," ಎಂದಳು ಮೆಲ್ಲಗೆ, "ಆದ್ರೆ ನೀನಲ್ಲ." ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮೇಷ್ಟ್ರ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಕಣ್ಣಿಗೆ ಕಟ್ಟಿಕೊಂಡಳು. ಸಂತೋಷ್ ನಿಂತಿದ್ದ ಕಡೆಗೆ ಕೈ ಚಾಚಿದಳು.

ಗೋಡೆಯ ಪಕ್ಕ ಒಬ್ಬನೇ ನಿಂತು ಚನ್ನೇಶ ಒಂದು, ಎರಡು, ಮೂರು ಎಂದು ಎಣಿಸಿದ. ಮೂರಕ್ಕೆ ಹಿಮ್ಮಡಿಯನ್ನು ಮೊದಲಿನಂತೆ ತಡವಾಗಿಸಲು ಶತಪ್ರಯತ್ನ ಮಾಡಿದ. ಅದು ಸರಿಯಾಗಿ ಎಣಿಕೆಗೇ ನೆಲ ಮುಟ್ಟಿತು.