ಅಮಾವಾಸ್ಯೆಯ ನೀರು

"ಎಲ್ಲರೂ ಬಂದಿದ್ದಾರಲ್ಲಮ್ಮ, ಇನ್ನೇನು ನಿಮ್ಮ ತಕರಾರು?" ಎಂದರು ಇಂಜಿನಿಯರ್ ಮುತ್ತುರಾಜ.

ನಲ್ಲಿಯಿಂದ ಹೊರಟ ಕೊಡಗಳ ಸಾಲು ಗುಡಿಯ ಮೂಲೆ ದಾಟಿ ಹೋಗಿತ್ತು. ಕಾಳವ್ವ ಕತ್ತು ಚಾಚಿ ಸಾಲಿನ ತುದಿ ಹುಡುಕಿದಳು. ತಕರಾರು ಕೊಟ್ಟವಳು ಅವಳೇ. ಕೇಬಲ್ ಟಿ.ವಿ.ಯಲ್ಲಿ ನೀರಿನ ಸುದ್ದಿ ಹಾಕಿದರೆ ನಮ್ಮ ನೇಕಾರರ ಓಣಿಗೆ ಮುಟ್ಟುವುದಿಲ್ಲ, ಮೊದಲಿನಂತೆ ಮೈಕಿನಲ್ಲಿ ಕೂಗಿಸಿರಿ ಎಂದು ಹುನಗುಂದದ ಇಂಜಿನಿಯರ್ ಆಫೀಸಿನ ತನಕ ಹೋಗಿ ಹೇಳಿ ಬಂದಿದ್ದಳು. ಖರೆಯೋ ಸುಳ್ಳೋ ನೋಡೋಣವೆಂದು ಸಾಹೇಬರು ಬಂದರೆ, ಓಣಿಗೆ ಓಣಿಯೇ ಕೊಡ ಹಿಡಿದುಕೊಂಡು ನಿಂತಿದೆ!

ಕಾಳವ್ವ ಹೆಂಗಸರ ಮೀಸಲು ಸೀಟಿನಲ್ಲಿ ಆ ವರ್ಷವೇ ಪಂಚಾಯ್ತಿಗೆ ಆರಿಸಿ ಬಂದವಳು. ಇಳಕಲ್ಲಿನ ಮಗ್ಗಲಿನ ಊರು. ಅಲ್ಲಿ ನೀರಿಗೆ ಇಂಥದೇ ದಿನ, ಇಂಥದೇ ಹೊತ್ತು ಎಂಬುದಿಲ್ಲ. ಕರೆಂಟ್ ಇದ್ದು ಟಾಕಿ ತುಂಬಿದರೆ ಬಿಟ್ಟರು. ಬಿಡುವ ಮೊದಲು ಅಬ್ದುಲಸಾಬ ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಓಣಿ ಓಣಿ ಕೂಗುತ್ತಿದ್ದ. ಇಳಕಲ್ಲಿನಿಂದ ಕೇಬಲ್ ವೈರು ಊರೊಳಗೆ ಬಂದದ್ದೇ ತಡ, ಪಂಚಾಯ್ತಿಗೆ ಹೊಸ ವಿಚಾರ ಹೊಳೆಯಿತು. ಲೋಕಲ್ ಚಾನೆಲ್ಲಿನ ಕೆಳಗೆ ಅಕ್ಷರ ಓಡಿಸಿದರಾಯಿತು, ಇನ್ನು ಮೈಕು ಯಾಕೆ? ಅವತ್ತು ಎಲ್ಲರಿಗಿಂತ ಮುಂಚೆ ಕೈ ಎತ್ತಿದವಳು ಕಾಳವ್ವನೇ. ನಮ್ಮೂರ ಹೆಸರು ಟಿ.ವಿ.ಯಲ್ಲಿ ಬರುತ್ತದೆ ಎಂಬ ಹಿಗ್ಗು ಅವಳಿಗೆ. ಓಣಿಯಲ್ಲಿ ಟಿ.ವಿ. ಇದ್ದ ಮನೆಗಳು ಬೆರಳ ಮೇಲೆ ಎಣಿಸುವಷ್ಟು ಎಂಬುದು ನೆನಪಾದದ್ದು ಮನೆಗೆ ಬಂದು ಮಗ್ಗದ ಕುಣಿಯಲ್ಲಿ ಕಾಲಿಳಿಸಿದ ಮೇಲೆ.

ಇದ್ದವರಾದರೂ ನೋಡುತ್ತಿದ್ದದ್ದು ಸಂಜೆಯ ಧಾರಾವಾಹಿ. ಹಗಲೆಲ್ಲ ಲೋಕಲ್ ಚಾನೆಲ್ ಹಚ್ಚಿಕೊಂಡು ಕೂಡುವವಳು ಒಬ್ಬಳೇ, ಕಾಳವ್ವನ ಗೋಡೆಯಾಚೆಯ ಅಮೀನಬಿ. ಮಗ ತೌಸಿಫ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ದುಡಿದು ತಂದುಕೊಟ್ಟ ಟಿ.ವಿ. ಅದು. ಆ ಚಾನೆಲ್ಲಿನಲ್ಲಿ ಸುತ್ತಲಿನ ಊರುಗಳ ಮದುವೆಯ ವಿಡಿಯೋ ಹಾಕುತ್ತಿದ್ದರು. ಅಮೀನಬಿ ಮಗ್ಗದವರಿಗೆ ಲಾಳಿಯ ನೂಲಿನ ಕಂಡಿಕಿ ಸುತ್ತಿಕೊಡುತ್ತ, ಗುರುತು ಪರಿಚಯ ಇಲ್ಲದವರ ಮದುವೆ ನೋಡುತ್ತ, ಬೀಗತಿಯ ಮುಖ ಯಾಕೆ ಗಂಟಾಗಿದೆ, ಮದುಮಗ ಊಟಕ್ಕೆ ಕುಳಿತವನು ಯಾಕೆ ಏಳುತ್ತಿಲ್ಲ ಎಂದು ತನ್ನೊಳಗೇ ಮಾತಾಡಿಕೊಳ್ಳುವಳು. ಮೂರನೆಯ ಇಯತ್ತೆಯ ತನಕ ಸಾಲಿ ಕಲಿತವಳು. ಕೆಳಗೆ ಅಕ್ಷರ ಓಡಿದರೆ ಓದುವಳು. ಮೊಣಕಾಲು ನೋವಿನವಳಾದ್ದರಿಂದ ಮನೆ ಮನೆಗೆ ಹೋಗಿ ಹೇಳುವುದಾಗದು. ಕೂಗಿದರೆ ಮಗ್ಗಗಳ ಸಪ್ಪಳದಲ್ಲಿ ಕೇಳುವವರು ಯಾರು? ಅದಕ್ಕೇ ಗೋಡೆ ಬಡಿಯುವಳು. ಆಗ ಕಾಳವ್ವ ಲಾಳಿ ನಿಲ್ಲಿಸಿ, ನೂಲು ಹಾಯಿಸದೆ, ನೂಲು ಒತ್ತುವ ಹಲಗೆಯನ್ನಷ್ಟೇ ಧಡ್ ಧಡ್ ಧಡ್ ಎಂದು ಬಡಿಯುವಳು. ನೂಲಿಲ್ಲದ ಪೆಟ್ಟು ನೇಕಾರರ ಕಿವಿಗೆ ಬೇರೆಯೇ. ಪಕ್ಕದ ಮಗ್ಗದವರು ಅದನ್ನು ಕೇಳಿ ತಾವೂ ಬಡಿಯುವರು, ಅವರಿಂದ ಆಚೆಯವರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನೀರಿನ ಸುದ್ದಿ ಓಣಿಯ ತುದಿ ಮುಟ್ಟುತ್ತಿತ್ತು. ಸಾಹೇಬರು ಬಂದ ದಿನವೂ ಆದದ್ದು ಇದೇ.

ಇಷ್ಟನ್ನೂ ಕಾಳವ್ವ ನಲ್ಲಿಯ ಬಳಿಯೇ ಬಿಡಿಸಿ ಹೇಳಿದಳು. ಮುತ್ತುರಾಜ ತುಮಕೂರು ಕಡೆಯವರು, ಹುಡುಗುತನ ಇನ್ನೂ ಹೋಗಿರದ ಮನುಷ್ಯ. ನಕ್ಕರು. ಹೇಗೋ ಒಟ್ಟಿನಲ್ಲಿ ಸುದ್ದಿ ತಿಳಿಯುತ್ತದಲ್ಲ, ಮತ್ತೆ ಮೈಕು ಯಾಕೆ ಎಂದರು.

"ಹಂಗಂದ್ರ ಅಮಾಸಿ ದಿನ ಬರ್ರಿ ಸಾಹೇಬ್ರ," ಎಂದಳು ಕಾಳವ್ವ. "ಅವತ್ತ ನಮ್ಮ ಓಣ್ಯಾಗ ಯಾರೂ ಮಗ್ಗ ಮುಟ್ಟೂದಿಲ್ಲ. ಬರೇ ನಿಮ್ಮ ಕೇಬಲ್ಲ ಎಷ್ಟ ಮಂದಿನ್ನ ಕರ್ಕೊಂಡ ಬರತೈತಿ, ಕಣ್ಣಾರೆ ನೋಡ್ರಿ."

ಸಾಹೇಬರಿಗೂ ಇದು ಒಂದು ಪಂದ್ಯದಂತೆ ಕಂಡಿತೋ ಏನೋ, ಅಮಾವಾಸ್ಯೆಗೆ ನೀರು ಬಿಡಿಸಲು ಒಪ್ಪಿದರು. ಆದರೆ ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬಾರದು. ಹೇಳಿದ್ದು ತಿಳಿದರೆ ಮೈಕಿನ ಮಾತು ಅಲ್ಲಿಗೇ ಮುಗಿಯಿತು ಎಂದು ಕರಾರು ಹಾಕಿ ಹೋದರು.

ಕಾಳವ್ವನಿಗೆ ತನ್ನ ಭಯ ಇರಲಿಲ್ಲ, ಅಮೀನಬಿಯದಿತ್ತು. ಸಕ್ಕರೆ ಡಬ್ಬಿ ಇರುವೆಯಿಂದ ಉಳಿದೀತು, ಸುದ್ದಿ ಅಮೀನಬಿಯಿಂದ ಉಳಿಯದು ಎಂದು ಓಣಿಯಲ್ಲೇ ಮಾತಿತ್ತು. ಅದನ್ನೇ ಎತ್ತಿ ಆಡಿದಾಗ ಅಮೀನಬಿ ಸಿಟ್ಟಿಗೇಳಲಿಲ್ಲ.

"ಒಂದ ತಾಸ ಬಾಯಿ ಮುಚ್ಚಬೇಕು, ಹೌದಿಲ್ಲೋ? ಆತ ತಗೋ. ನನ್ನ ಗಂಡಗ ಈ ಭಾಗ್ಯ ಕಾಣಾಕ ಸಿಗಲಿಲ್ಲ, ನಿಮ್ಮ ಸಾಹೇಬಗ ಸಿಗತೈತಿ."

ಅಮಾವಾಸ್ಯೆ ಬಂತು. ಮಗ್ಗಗಳು ಸುಮ್ಮನಾದರೆ ಆ ಓಣಿ ಬೇರೆ ಯಾವುದೋ ಊರಿನ ಓಣಿಯಂತೆ ಕಾಣುತ್ತದೆ. ಹೋಳಿಗೆಯ ಊಟ ಮುಗಿಸಿ ಗಂಡಸರು ಮಲಗಿದ್ದರು, ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಅಡ್ಡಾಗಿದ್ದರು. ಮುತ್ತುರಾಜ ಅಮೀನಬಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತರು. ಒಳಗೆ ಗಜೇಂದ್ರಗಡದ ಕಡೆಯ ಯಾರದೋ ಮದುವೆ ನಡೆದಿತ್ತು. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಕೆಳಗೆ ಅಕ್ಷರ ಓಡಿತು. ಅಮೀನಬಿ ಅದನ್ನು ಓದಿದವಳೇ ಎಲೆ ಅಡಿಕೆಯನ್ನು ಎರಡೂ ದವಡೆಗೆ ತುಂಬಿಕೊಂಡು, ತುಟಿ ಬಿಗಿದು, ಕಣ್ಣಷ್ಟೇ ಅಗಲಿಸಿ ಕಾಳವ್ವನ ಕಡೆ ನೋಡಿದಳು.

ಮೂಲೆಯ ನಲ್ಲಿಗೆ ತಿರುಗಿಸಿ ನಿಲ್ಲಿಸುವ ತೋಟಿ ಇರಲಿಲ್ಲ. ನೀರು ಭರ್ ಎಂದು ಬಂದು ನೇರ ಗಟಾರಕ್ಕೆ ಹರಿಯತೊಡಗಿತು. ಟಿ.ವಿ. ಇದ್ದ ಒಂದು ಮನೆಯಿಂದಲೂ ಯಾರೂ ಹೊರಗೆ ಬರಲಿಲ್ಲ. ಗಟಾರಕ್ಕೆ ಬೀಳುವ ನೀರಿನ ಸಪ್ಪಳ ಕಾಳವ್ವನಿಗೆ ಎದೆಯಲ್ಲೇ ಬಿದ್ದಂತಾಗುತ್ತಿತ್ತು. ಗೆದ್ದೆ ಎಂದು ಹಿಗ್ಗಬೇಕೋ, ವೋಟು ಹಾಕಿದ ಮಂದಿಯನ್ನು ಒಣಗಿಸಿದೆ ಎಂದು ಅಳಬೇಕೋ?

ಅಷ್ಟರಲ್ಲಿ ಓಣಿಯ ತುದಿಯ ರಂಗವ್ವ ಎರಡು ಬರಿಗೊಡ ಹಿಡಿದು ಬಂದಳು. ಹಳ್ಳದಾಚೆಯ ಬಾವಿಗೆ ಹೊರಟವಳು; ಮಗಳು ಬಾಣಂತಿ, ಮನೆಯಲ್ಲಿ ಹನಿ ನೀರಿಲ್ಲ. ಕಾಳವ್ವನನ್ನು ಕಂಡು ನಿಂತಳು.

"ಏನವಾ ಮೆಂಬರು, ಇವತ್ತ ನೀರಿನ ಸುದ್ದಿ ಏನರ ಐತೇನ?"

ಕಾಳವ್ವ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಸಾಹೇಬರ ಮುಖ ನೋಡಿದಳು. ಮುತ್ತುರಾಜ ಚಹಾದ ಕಪ್ಪು ಕೆಳಗಿಟ್ಟರು.

"ನೀರು ಬಿಟ್ಟಿದ್ದಾರಮ್ಮ. ಟಿ.ವಿ.ಯಲ್ಲೂ ಬಂತು. ನೀವು ನೋಡಲಿಲ್ವಾ?"

"ನಮ್ಮನ್ಯಾಗ ಬಾಣಂತಿ ಅದಾಳ, ಮಗ್ಗ ಐತಿ. ಟಿ.ವಿ. ಒಂದ ಇಲ್ಲ ನೋಡ್ರಿ," ಎಂದ ರಂಗವ್ವ ಅಲ್ಲಿಂದಲೇ ನಲ್ಲಿಯ ಕಡೆ ತಿರುಗಿದಳು.

ಮುತ್ತುರಾಜ ಗಟಾರಕ್ಕೆ ಹರಿಯುತ್ತಿದ್ದ ನೀರು ನೋಡಿದರು. ಆಮೇಲೆ ಎದ್ದು, ಮೊದಲ ಬಾಗಿಲಿನ ಚಿಲಕ ಬಡಿದು ನೀರು ಬಂದಿದೆ ಎಂದರು. ಎರಡನೆಯ ಮನೆಗೆ ಇನ್ನಷ್ಟು ಜೋರಾಗಿ ಕೂಗಿದರು. ನಾಲ್ಕಾರು ಮನೆ ದಾಟುವಷ್ಟರಲ್ಲಿ ತುಮಕೂರು ಕಡೆಯ 'ಬಂದಿದೆ' ಹೋಗಿ ಈ ಕಡೆಯ 'ಬಂದಾವ್ರೀ' ಆಗಿತ್ತು. ಬಾಗಿಲುಗಳು ತೆರೆದವು, ಕೊಡಗಳು ಹೊರಬಿದ್ದವು. ಹೊಸ ಮೈಕಿನವ ಯಾರು ಬೇ ಇವ ಎಂದು ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

ನಲ್ಲಿಯ ಹತ್ತಿರ ಬಂದಾಗ ಸಾಹೇಬರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಾಳೆಯಿಂದಲೇ ಅಬ್ದುಲಸಾಬ ಸೈಕಲ್ ತೆಗೆಯಲಿ, ಪಂಚಾಯ್ತಿಗೆ ತಾವೇ ಬರೆಯುವುದಾಗಿ ಹೇಳಿದರು. ಅಮೀನಬಿ ಕುಂಟುತ್ತ ಬಂದು, ಬಾಯಲ್ಲಿದ್ದದ್ದನ್ನು ಗಟಾರಕ್ಕೆ ಉಗುಳಿ, ತಾಸಿನಿಂದ ತಡೆದ ಮಾತು ಬಿಟ್ಟಳು.

"ಮೈಕ ತರ್ರಿ ಸಾಹೇಬ್ರ, ಆದ್ರ ಕೇಬಲ್ಲ ಬಂದ್ ಮಾಡಬ್ಯಾಡ್ರಿ. ನಿಮ್ಮ ನೀರಿನ ಗದ್ದಲದಾಗ ಆ ಹುಡಿಗಿ ತಾಳಿ ಕಟ್ಟಿಸಿಕೊಂಡಿದ್ದ ನೋಡಲಿಲ್ಲ ನಾ."

"ಎರಡೂ ಇರಲಿ ಬಿಡಮ್ಮ," ಎಂದರು ಮುತ್ತುರಾಜ.

ರಂಗವ್ವನ ಮೊದಲ ಕೊಡ ತುಂಬಿತು. ಅದನ್ನು ಸೊಂಟಕ್ಕೇರಿಸಿ, ಇನ್ನೊಂದು ಖಾಲಿ ಕೊಡವನ್ನು ಪಾಳಿ ಹಿಡಿಯಲೆಂದು ಸಾಹೇಬರ ಕೈಗೆ ಕೊಟ್ಟು ಮನೆಯ ಕಡೆ ನಡೆದಳು. ಮುತ್ತುರಾಜ ಪ್ಯಾಂಟು ಮೇಲೆ ಮಡಚಿಕೊಂಡು ಸಾಲಿನಲ್ಲಿ ನಿಂತರು.